ರಾಶಿ ಮಷಿನ್ ಅಮ್ಮಾರು ಮತ್ತು ನೀಲಿ ಕೋಟಿನ ಪಾಲುದಾರ

ನಮ್ಮ ಅಮ್ಮಾರ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದಾಗಲೂ, ಸೆರಗು ಸರಿಪಡಿಸಿಕೊಂಡಾಗಲೂ, ಸಿಟ್ಟಿನಲ್ಲಿ ಮೇಜು ಗುದ್ದಿದಾಗಲೂ ಆ ಒಂದು ಬೆರಳು ತನಗೂ ಉಳಿದ ಕೈಗೂ ಸಂಬಂಧವೇ ಇಲ್ಲವೆಂಬಂತೆ ನೆಟ್ಟಗೆ ನಿಂತಿರುತ್ತಿತ್ತು. ಅದಕ್ಕೆ ಉಗುರಿರಲಿಲ್ಲ. ತುದಿ ಚಪ್ಪಟೆಯಾಗಿ, ಸುಟ್ಟ ಮೇಣದಂತೆ ಹೊಳೆಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಮಾಡಿದ ಮೊದಲ ಯಂತ್ರಕ್ಕೆ ತೆನೆ ಹಾಕಿ ನೋಡುವಾಗ ಬೆಲ್ಟಿಗೆ ಸಿಕ್ಕಿದ ಬೆರಳು ಅದು. ಅವತ್ತಿನಿಂದ ಅವರ ಕಾರ್ಖಾನೆಯಿಂದ ಹೊರಬಿದ್ದ ಪ್ರತಿ ಯಂತ್ರದ ಬೆಲ್ಟಿಗೂ ಕಬ್ಬಿಣದ ಜಾಲರಿ ಇರುತ್ತಿತ್ತು. ಬೇರೆ ಕಂಪನಿಗಳು ಇನ್ನೂ ಹಾಕದಿದ್ದ ಕಾಲದ ಮಾತು. "ಆ ಜಾಲ್ರಿ ನನ್ನ ಬೆರಳಿನ ಬಾಡಿಗಿ" ಎಂದು ಅಮ್ಮಾರು ನಗುತ್ತಿದ್ದರು.

ಕಾರ್ಖಾನೆ ಎಂದರೆ ಹರಪನಹಳ್ಳಿಯ ಹೊರಗೆ, ಹೊಸಪೇಟೆ ರಸ್ತೆಯ ಬದಿಗೆ ಒಂದು ಉದ್ದನೆಯ ತಗಡಿನ ಶೆಡ್ಡು. ಟ್ರ್ಯಾಕ್ಟರಿಗೆ ಜೋಡಿಸಿ ಮೆಕ್ಕೆಜೋಳ ಒಕ್ಕುವ ರಾಶಿ ಮಷಿನ್ನುಗಳನ್ನು ಅಲ್ಲಿ ಮಾಡುತ್ತಿದ್ದರು. ಮಾರಾಟಕ್ಕೆ, ರಿಪೇರಿಗೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಒಂದೊಂದು ಅಂಗಡಿ. ಅಮ್ಮಾರ ಯಜಮಾನರು ಮತ್ತು ಅವರ ಗೆಳೆಯ ಮಿಸ್ತ್ರಿ ಚಾಚಾ ಸೇರಿ ಕಟ್ಟಿದ ಕಸುಬು ಅದು. ಯಜಮಾನರು ತೀರಿಕೊಂಡ ಮೇಲೆ ಅಮ್ಮಾರು ಮತ್ತು ಅವರ ಮೈದುನ ಪಾಲುದಾರರಾಗಿ ನಡೆಸುತ್ತಿದ್ದರು. ಮೈದುನನನ್ನು ನಾವೆಲ್ಲ ಸಣ್ಣ ಸಾವ್ಕಾರ್ರು ಅನ್ನುತ್ತಿದ್ದೆವು.

ನಾನು ತೆಲಿಗಿಯವಳು. ಬಿ.ಕಾಂ. ಮುಗಿಸಿ, ಬಸ್ಸಿಗೆ ಬಂದು ಹೋಗುತ್ತ ಅಲ್ಲಿ ಆಫೀಸಿನ ಕೆಲಸಕ್ಕೆ ಸೇರಿದೆ. ಮೊದಲ ದಿನ ಅಮ್ಮಾರು ನನ್ನ ಅಂಕಪಟ್ಟಿ ನೋಡಲಿಲ್ಲ. ಶೆಡ್ಡಿನ ತುಂಬ ಸುತ್ತಾಡಿಸಿದರು. ಗ್ರೀಸು ಮೆತ್ತಿದ ಒಂದು ಬೇರಿಂಗನ್ನು ನನ್ನ ಕೈಗಿಟ್ಟರು. ನಾನು ದುಪಟ್ಟಕ್ಕೆ ತಾಗದಂತೆ ದೂರ ಹಿಡಿದೆ.

"ಯಾಕವ್ವಾ, ಹೇಸಿಗಿ ಅನಸ್ತೇನು?"

"ಇಲ್ರಿ ಅಮ್ಮಾರ."

"ಗ್ರೀಸು ಹೇಸಿಗಿ ಅಲ್ಲ. ಸಗಣಿ ಹೇಸಿಗಿ ಅಲ್ಲ. ಹೇಸಿಗಿ ಅಂದ್ರ ಏನಂತ ಇಲ್ಲೇ ಇರು, ತೋರಸ್ತೀನಿ."

ತೋರಿಸಿದರು ಕೂಡ. ಆ ಪದವನ್ನು ಅವರು ಸಿಕ್ಕಸಿಕ್ಕಲ್ಲಿ ಬಳಸುತ್ತಿರಲಿಲ್ಲ. ತಪ್ಪು ಮಾಡಿದವರನ್ನು ಬೈಯುತ್ತಿದ್ದರು, ಸೋಮಾರಿಗಳನ್ನು ಅಣಕಿಸುತ್ತಿದ್ದರು, ಸುಳ್ಳು ಹೇಳಿದವರ ಮುಖ ನೋಡಿ ನಕ್ಕುಬಿಡುತ್ತಿದ್ದರು. ಒಮ್ಮೆ ನಮ್ಮಿಂದ ಸಾಮಾನು ಒಯ್ಯುತ್ತಿದ್ದ ಹೊರಗಿನ ಒಬ್ಬ ಅಂಗಡಿಯವನು ಹಳೆಯ ಯಂತ್ರಕ್ಕೆ ಬಣ್ಣ ಬಳಿದು ಹೊಸದೆಂದು ಒಬ್ಬ ವಿಧವೆಗೆ ಮಾರಿದ್ದು ಗೊತ್ತಾಯಿತು. ಅವನು ಬಂದು ಕೈಮುಗಿದು ಏನೇನೋ ವಿವರಿಸಿದ. ಅಮ್ಮಾರು ಪೂರ್ತಿ ಕೇಳಿಸಿಕೊಂಡು "ಹೇಸಿಗಿ" ಎಂದರು. ಅಷ್ಟೇ. ಅವತ್ತಿನಿಂದ ಅವನ ಅಂಗಡಿಗೆ ನಮ್ಮ ಒಂದು ಮೊಳೆಯೂ ಹೋಗಲಿಲ್ಲ. ಅವರ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ, ತೀರ್ಪಾಗಿತ್ತು.

ಇಂಥವರು ಹೊಸದನ್ನು ಕಂಡರೆ ಮೂಗು ಮುರಿಯುತ್ತಿದ್ದರು ಅಂದುಕೊಳ್ಳಬೇಡಿ. ನಮ್ಮ ವ್ಯಾಪಾರವನ್ನು ಡಿಜಿಟಲ್ ಮಾಡಬೇಕೆಂದು ಮೊದಲು ಹಟ ಹಿಡಿದವರೇ ಅವರು. ಸುಗ್ಗಿಯಲ್ಲಿ ಅಂಗಡಿಗಳ ಗೋಳು ನೋಡುವಂತಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಇಲ್ಲವೆಂದು ರೈತನನ್ನು ವಾಪಸು ಕಳಿಸಿದ ಸಾಮಾನು ಕೊಟ್ಟೂರಿನ ಅಟ್ಟದ ಮೇಲೆ ಬಿದ್ದಿರುತ್ತಿತ್ತು. ಕೂಡ್ಲಿಗಿಯಲ್ಲಿ ಬಂದ ಫೋನನ್ನು ಬೀಡಿ ಕಟ್ಟಿನ ಮೇಲೆ ಬರೆದುಕೊಂಡವನು ಬೀಡಿ ಸೇದಿ ಕಟ್ಟು ಎಸೆದಿರುತ್ತಿದ್ದ. ಹೊಲದಲ್ಲಿ ರಾಶಿ ನಿಂತು, ಮೋಡ ಕವಿದು, ರೈತ ಹುಚ್ಚನಂತೆ ಫೋನು ಮಾಡುತ್ತಿದ್ದ.

"ಮಷಿನ್ ಮಾಡೋ ಮಂದಿ ನಾವು, ಇನ್ನೊಂದು ಮಷಿನ್‌ಗೆ ಹೆದರ್ತೀವೇನು? ಎಲ್ಲಾ ಅಂಗಡಿ ಒಂದೇ ಕಡಿ ಕಾಣಂಗ ಆಗ್ಬೇಕು. ಯಾವ ರೈತನ ಫೋನೂ ಕಳಿಯಬಾರ್ದು. ಅಂಥದ್ದು ಮಾಡಿಕೊಡೋರ್ನ ಹುಡುಕ್ರಿ" ಎಂದರು.

ಹುಡುಕುವ ಕೆಲಸ ಸಣ್ಣ ಸಾವ್ಕಾರ್ರ ಕೈಗೆ ಹೋಯಿತು. ಅಲ್ಲಿಂದಲೇ ಕೊಳೆಯುವುದಕ್ಕೆ ಶುರುವಾದದ್ದು.

ಇಂಥ ಕೆಲಸಕ್ಕೆ ಕಂಪನಿಗಳನ್ನು ಹೇಗೆ ಆರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಗೊತ್ತಿರುವುದಕ್ಕೆ ನಾಚಿಕೆಯಾಗುತ್ತದೆ. ಮೊದಲು ಬಂದವರು ದಾವಣಗೆರೆಯ ಇಬ್ಬರು, ಗಂಡ ಹೆಂಡತಿ. ಇಬ್ಬರೂ ಎಂಜಿನಿಯರುಗಳು. ಬೈಕಿನಲ್ಲಿ ಬಂದು, ಧೂಳು ಕೊಡವಿಕೊಂಡು ಕೂತರು. ನಾವು ಹೇಳಿದ್ದನ್ನೆಲ್ಲ ಬರೆದುಕೊಂಡ ಹೆಂಡತಿ, "ಎಲ್ಲಾ ಒಂದೇ ಸಲಕ್ಕ ಆಗಲ್ರಿ. ಈ ಸುಗ್ಗಿಗೆ ಫೋನ್ ಕಳಿಯದಂಗ ಮಾಡಿಕೊಡ್ತೀವಿ. ಅದು ಸರಿಯಾತು ಅಂದ್ರ ಮುಂದಿನ ಸುಗ್ಗಿಗೆ ಸಾಮಾನಿಂದು ನೋಡೋಣ. ಅದಕ್ಕ ಮೊದಲು ನಾವು ಕೊಟ್ಟೂರು ಅಂಗಡ್ಯಾಗ ಒಂದಿಷ್ಟು ದಿನ ಕೂತು ನೋಡ್ಬೇಕು" ಎಂದರು. ಸಣ್ಣ ಸಾವ್ಕಾರ್ರು ಆಕಳಿಸಿದರು.

ಆಮೇಲೆ ಬೆಂಗಳೂರಿನಿಂದ ಬಂದವನು ನೀಲಿ ಕೋಟಿನವ. ನಮ್ಮೂರ ಬಿಸಿಲಲ್ಲಿ ಕೋಟು! ಕಾರಿನಿಂದ ಇಳಿಯುವಾಗಲೇ ಅತ್ತರಿನ ವಾಸನೆ ಶೆಡ್ಡಿನ ಒಳಗಿನ ಕಬ್ಬಿಣದ ವಾಸನೆಯನ್ನು ಒತ್ತಿಕೊಂಡು ಬಂತು. ಅವನ ಜೊತೆ ಇನ್ನೂ ಕೆಲವರು, ಎಲ್ಲರ ನಗುವೂ ಒಂದೇ ಅಚ್ಚಿನದು. ಅವನು ನೇರ ಬಂದು ಅಮ್ಮಾರ ಕಾಲಿಗೆ ಬಿದ್ದ.

"ಅಮ್ಮಾ, ನಿಮ್ಮಂಥವರೇ ನಮ್ಮ ಕಂಪನಿಗೆ ಸ್ಫೂರ್ತಿ. ನಾವು ಸಾಫ್ಟ್‌ವೇರ್ ಮಾರುವುದಕ್ಕೆ ಬಂದಿಲ್ಲ. ನಿಮ್ಮ ಪಯಣದಲ್ಲಿ ಪಾಲುದಾರರಾಗುವುದಕ್ಕೆ ಬಂದಿದ್ದೇವೆ."

ಅವರೆಲ್ಲ ಹೋದ ಮೇಲೆ ಅಮ್ಮಾರು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡರು.

ಆಮೇಲೊಂದು ದಿನ ಹೊಸಪೇಟೆಯ ಹೋಟೆಲಿನಲ್ಲಿ ಅಮ್ಮಾರಿಗೂ ಸಣ್ಣ ಸಾವ್ಕಾರ್ರಿಗೂ ಊಟ, ಪರದೆಯ ಮೇಲೆ ಚಿತ್ರಗಳು. ನಾನೂ ಹೋಗಿದ್ದೆ. ಅವರ ಒಂದು ವಾಕ್ಯವೂ ಒಂದು ಕೆಲಸದ ಬಗ್ಗೆ ಇರಲಿಲ್ಲ. ಪಯಣ, ಕನಸು, ಜಿಗಿತ, ಕುಟುಂಬ. ಯಾವ ರೈತನ ಫೋನನ್ನು ಯಾರು ಎತ್ತುತ್ತಾರೆ ಎಂದು ನಾನು ಕೇಳಿದ್ದಕ್ಕೆ ನೀಲಿ ಕೋಟಿನವ "ತುಂಬಾ ಒಳ್ಳೆ ಪ್ರಶ್ನೆ ಮೇಡಂ" ಎಂದು ನಕ್ಕು ಮುಂದಿನ ಚಿತ್ರ ತೋರಿಸಿದ. ಊಟದ ನಡುವೆ ಸಣ್ಣ ಸಾವ್ಕಾರ್ರ ಹೆಗಲ ಮೇಲೆ ಕೈಹಾಕಿಕೊಂಡು ಒಂದು ಮೂಲೆಗೆ ಕರೆದೊಯ್ದ. ತಿರುಗಿ ಬಂದಾಗ ಸಾವ್ಕಾರ್ರ ಮುಖ ಅರಳಿತ್ತು. ಅವರಿಗೊಂದು ಪ್ರಶಸ್ತಿ ಕೊಡಿಸುತ್ತಾರಂತೆ, ಗ್ರಾಮೀಣ ಉದ್ಯಮಿ ಎಂದು. ವೇದಿಕೆಯ ಮೇಲೆ ಶಾಲು, ಪತ್ರಿಕೆಯ ಮುಖಪುಟದಲ್ಲಿ ಚಿತ್ರ, ಸಿಂಗಪುರದಲ್ಲಿ ಸಮಾವೇಶ. ಐವತ್ತು ದಾಟಿದ ಗಂಡಸು, ಜಾತ್ರೆಯಲ್ಲಿ ಪೀಪಿ ಸಿಕ್ಕ ಹುಡುಗನಂತೆ ಗುಲಾಬ್ ಜಾಮೂನು ಚಮಚೆಯಲ್ಲಿ ತುಂಡು ಮಾಡುತ್ತ ಕೂತಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಮರುದಿನ ಸಾವ್ಕಾರ್ರು ಅಂಕ ಹಾಕಿದರು. ಯಾವ ಕಂಪನಿಗೆ ಹೆಸರಿಗೆಷ್ಟು, ದೂರದೃಷ್ಟಿಗೆಷ್ಟು, ಗಾತ್ರಕ್ಕೆಷ್ಟು ಎಂದು. ದಾವಣಗೆರೆಯ ಗಂಡ ಹೆಂಡತಿಗೆ ದೂರದೃಷ್ಟಿಯಲ್ಲಿ ಸೊನ್ನೆ. ನೀಲಿ ಕೋಟಿನವನಿಗೆ ಎಲ್ಲದರಲ್ಲೂ ತುಂಬಿದ ಅಂಕ. ಕಾಯಿ ಒಡೆಯುವ ಮೊದಲೇ ದೇವರು ಯಾರೆಂದು ನಿರ್ಧಾರವಾಗಿತ್ತು, ಪೂಜೆ ಮಾತ್ರ ಬಾಕಿ.

ಅಮ್ಮಾರು ಸಹಿ ಹಾಕಿದರು. ಯಾಕೆ ಹಾಕಿದರು ಎಂದು ಜನ ಈಗಲೂ ಕೇಳುತ್ತಾರೆ. ಸಹಿ ಹಾಕದಿದ್ದರೆ ಪಾಲು ಮಾಡಿಕೊಂಡು ಹೋಗುತ್ತೇನೆಂದು ಮೈದುನ ಹೆದರಿಸಿದ್ದು ನಿಜ. ಆದರೆ ಅಮ್ಮಾರೇ ನನಗೆ ಹೇಳಿದ ಕಾರಣ ಬೇರೆ. ಅವತ್ತು ಹೋಟೆಲಿನಲ್ಲಿ ಕೊನೆಗೆ ದೀಪ ಆರಿಸಿ ಪರದೆಯ ಮೇಲೆ ನಮ್ಮ ಸೀಮೆಯ ನಕ್ಷೆ ತೋರಿಸಿದ್ದರು. ನಾವು ಮಾರಿದ ಪ್ರತಿ ಯಂತ್ರಕ್ಕೂ ಒಂದು ಹಳದಿ ಚುಕ್ಕಿ. ಕೊಟ್ಟೂರಿನಿಂದ ಮೈಲಾರದ ಹೊಳೆದಂಡೆಯವರೆಗೆ ಚುಕ್ಕಿಗಳು ಒಂದೊಂದಾಗಿ ಹೊತ್ತಿಕೊಂಡವು.

"ನಿಮ್ಮ ಸಾವ್ಕಾರ್ರು ಎಲ್ಲೆಲ್ಲಿ ಅದಾರ ಅಂತ ಒಂದೇ ಕಡಿ ಕಂಡಂಗಾತು ಕಣವ್ವಾ" ಎಂದರು ಅಮ್ಮಾರು. ತೀರಿಕೊಂಡ ಗಂಡನನ್ನು ಅವರು ಹಾಗೆ ನೆನೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಆ ದೀಪ ನೋಡಿ ಸೋತೆ. ಮದಲಗಿತ್ತಿಗೆ ಬಳಿ ತೋರಿಸಿದಂಗ ತೋರಿಸಿದ್ರು, ಕೈ ಚಾಚಿದೆ."

ಸುಗ್ಗಿಗೆ ಮೊದಲು ಎಲ್ಲ ಬದಲಾಯಿತು. ಅಂಗಡಿಗಳ ಹಳೆಯ ನಂಬರುಗಳನ್ನು ಕಿತ್ತುಹಾಕಿ, ಯಂತ್ರದ ಮೈಮೇಲೆ ಹೊಸ ಸ್ಟಿಕರು ಅಂಟಿಸಿದರು. ದೂರು ಇದ್ದರೆ ಅದನ್ನು ಸ್ಕ್ಯಾನ್ ಮಾಡಬೇಕು, ಇಲ್ಲವೇ ಒಂದು ನಂಬರಿಗೆ ಫೋನು ಮಾಡಿ ಇದಕ್ಕಾಗಿ ಒಂದು ಒತ್ತಿ, ಅದಕ್ಕಾಗಿ ಎರಡು ಒತ್ತಿ ಎನ್ನುವ ಹೆಣ್ಣುದನಿ ಹೇಳಿದಂತೆ ಒತ್ತುತ್ತ ಹೋಗಬೇಕು. ಮಿಸ್ತ್ರಿ ಚಾಚಾ ಒಮ್ಮೆ ಪರೀಕ್ಷೆಗೆಂದು ಮಾಡಿ ನೋಡಿ ಫೋನು ಕೆಳಗಿಟ್ಟರು. "ಈಕಿ ಮಾತ್ ಕೇಳ್ಕೊಂತ ಕುಂತ್ರ ಜೋಳ ಮೊಳಕಿ ಒಡಿತಾವ್ರಿ ಅಮ್ಮಾರ" ಎಂದರು. ಸಣ್ಣ ಸಾವ್ಕಾರ್ರು ಆ ವಾರವೇ ಪ್ರಶಸ್ತಿ ತೆಗೆದುಕೊಂಡು ಬಂದಿದ್ದರು. ಶಾಲು ಹೊದ್ದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಯಜಮಾನರ ಫೋಟೋದ ಪಕ್ಕದಲ್ಲೇ ಮೊಳೆ ಹೊಡೆಸಿದರು.

ಆ ಸಲದ ಕೆಲವು ಯಂತ್ರಗಳಲ್ಲಿ ಒಂದು ದೋಷ ಉಳಿದಿತ್ತು. ಬೆಲ್ಟಿನ ಜಾಲರಿ ಹಿಡಿದಿಡುವ ಬೋಲ್ಟುಗಳು ಹೊಸ ಕಡೆಯಿಂದ ತರಿಸಿದವು, ನಡುಗಿ ನಡುಗಿ ಸಡಿಲವಾಗುತ್ತಿದ್ದವು. ದೋಷ ನಮ್ಮದೇ. ಅದನ್ನು ಅಮ್ಮಾರು ಯಾವತ್ತೂ ಅಲ್ಲಗಳೆಯಲಿಲ್ಲ. ಹಳೆಯ ರೀತಿಯಾಗಿದ್ದರೆ ಮೊದಲ ಫೋನು ಬಂದ ಕೂಡಲೇ ಹಡಗಲಿ ಅಂಗಡಿಯವನು ಚಾಚಾನಿಗೆ ಹೇಳುತ್ತಿದ್ದ, ಚಾಚಾ ಅರ್ಧ ಮಾತಿನಲ್ಲೇ ಹಿಡಿದು "ಬಂದ್ ಮಾಡು, ಬರ್ತೀನಿ" ಅನ್ನುತ್ತಿದ್ದರು. ಈಗ ಫೋನು ಎಲ್ಲಿಗೋ ಹೋಗುತ್ತಿತ್ತು.

ಹಡಗಲಿಯಾಚೆ, ಮೈಲಾರದ ದಾರಿಯಲ್ಲಿನ ಒಂದು ಹಳ್ಳಿ. ಅಲ್ಲಿನ ಒಬ್ಬ ರೈತ ಯಂತ್ರ ಗಡಗಡ ಅನ್ನುತ್ತಿದೆ ಎಂದು ಆ ನಂಬರಿಗೆ ದೂರು ಕೊಟ್ಟಿದ್ದ. ಅವನು ಯಾವ ಗುಂಡಿ ಒತ್ತಿದನೋ, ಅದು 'ಶಬ್ದ' ಎಂದು ದಾಖಲಾಯಿತು. ಶಬ್ದ ಎಂದರೆ ತುರ್ತಲ್ಲ. ಯಾರೂ ಹೋಗಲಿಲ್ಲ. ಅವಧಿ ಮುಗಿದ ಮೇಲೆ ದೂರು ತಾನೇ ಮುಚ್ಚಿಕೊಂಡು, ನಿಮ್ಮ ಸಮಸ್ಯೆ ಪರಿಹಾರವಾಗಿದೆ, ಧನ್ಯವಾದ ಎಂಬ ಇಂಗ್ಲಿಷ್ ಸಂದೇಶ ಅವನ ಮೊಬೈಲಿಗೆ ಬಂತು. ಪಕ್ಕದ ಹೊಲದವನಿಂದ ಓದಿಸಿದ. "ಸರಿ ಆಗೇತಂತ ಬಂದೈತಿ ನೋಡು" ಎಂದನಂತೆ ಅವನು. ಕಂಪನಿಯವರೇ ಹೇಳಿದ ಮೇಲೆ ಇನ್ನೇನು ಎಂದು ರಾಶಿ ಶುರುಮಾಡಿದರು. ತೆನೆ ತುಂಬಿದ ಪುಟ್ಟಿ ಎತ್ತಿಕೊಡುತ್ತಿದ್ದ ಅವನ ಹೆಂಡತಿ ಪಕ್ಕಕ್ಕೆ ತಿರುಗಿದಾಗ ಜಾಲರಿ ಕಳಚಿ ಬಿತ್ತು. ಅವಳ ಬಲಗೈ ಬೆಲ್ಟಿಗೆ ಹೋಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಬೇಕಾಯಿತು.

ಸುದ್ದಿ ತಂದವರು ಮಿಸ್ತ್ರಿ ಚಾಚಾ. ಅವರು ಹೇಳಿ ಮುಗಿಸುವವರೆಗೂ ಅಮ್ಮಾರು ಎದ್ದು ನಿಂತೇ ಇದ್ದರು. ಆಮೇಲೆ "ಜಾಲ್ರಿ ಇತ್ತಲ್ಲೋ... ಜಾಲ್ರಿ ಇತ್ತಲ್ಲ" ಎಂದರು. ತಕ್ಷಣ ಎಲ್ಲ ಅಂಗಡಿಗೂ ಫೋನು ಮಾಡಿಸಿ, ಆ ಸಲದ ಯಂತ್ರ ಯಾರ ಹೊಲದಲ್ಲಿದ್ದರೂ ಈಗಿಂದೀಗಲೇ ನಿಲ್ಲಿಸಬೇಕೆಂದು ಹೇಳಿಸಿದರು. ಚಾಚಾ ಮತ್ತು ಹುಡುಗರು ಬೋಲ್ಟಿನ ಚೀಲ ಹೊತ್ತು ಹಳ್ಳಿ ಹಳ್ಳಿ ತಿರುಗಿದರು.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಪಾಲುದಾರರ ಜೊತೆ ಸಭೆ. ನೀಲಿ ಕೋಟಿನವ ಪರದೆಯ ಮೇಲೆ ಬಂದ. ಹಿಂದೆ ಒಂದು ಗಿಡ, ಒಂದು ಗಣಪತಿ. ಅವನ ಮುಖದಲ್ಲಿ ದುಃಖ ಇತ್ತು. ಅಳತೆ ಮಾಡಿ ಹಚ್ಚಿಕೊಂಡಂಥ ದುಃಖ.

"ನಮಗೆಲ್ಲ ತುಂಬಾ ನೋವಾಗಿದೆ ಅಮ್ಮಾ. ಆದರೆ ಒಳ್ಳೆ ಸುದ್ದಿ ಏನೆಂದರೆ, ಸಿಸ್ಟಮ್ ಸರಿಯಾಗಿ ಕೆಲಸ ಮಾಡಿದೆ. ದೂರು ದಾಖಲಾಗಿದೆ, ಅವಧಿಯ ಒಳಗೆ ಕ್ಲೋಸ್ ಆಗಿದೆ. ಕಾನೂನಿನ ಪ್ರಕಾರ ನೀವೂ ಸೇಫ್, ನಾವೂ ಸೇಫ್."

ಒಳ್ಳೆ ಸುದ್ದಿ! ಅದಕ್ಕಿಂತ ಹೊಲಸಾದದ್ದು ನನ್ನ ಪಕ್ಕದಲ್ಲೇ ಇತ್ತು. ಸಣ್ಣ ಸಾವ್ಕಾರ್ರು ಉಸಿರು ಬಿಟ್ಟು ಕುರ್ಚಿಗೆ ಒರಗಿ, "ನೋಡ್ರಿ ಅತ್ತಿಗಿ, ನಾ ಹೇಳಿದ್ನಲ್ಲ. ದೊಡ್ಡ ಕಂಪನಿ ಹಿಡಿದಿದ್ದಕ್ಕ ಬದುಕ್ಕೊಂಡ್ವಿ" ಎಂದರು. ಮುಖದಲ್ಲಿ ಹೋಟೆಲಿನ ದಿನದ್ದೇ ಗೆಲುವು.

ಅಮ್ಮಾರು ಪರದೆಯ ಮೇಲೆ ಅವನು ತೋರಿಸಿದ ದೂರಿನ ಪಟ್ಟಿಯನ್ನು ನೋಡುತ್ತಿದ್ದರು.

"ದೂರಿಂದು ಒಂದು ಕಾಲಮ್ ಐತಿ, ಟೈಮಿಂದು ಒಂದು ಕಾಲಮ್ ಐತಿ. ಆ ಹೆಣ್ಮಗಳ ಕೈ ಯಾವ ಕಾಲಮ್ಮಿನಾಗ ಬರ್ತೈತಿ?"

"ಅದು... ಅದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಅಮ್ಮಾ."

"ಮತ್ತ ಪಾಲುದಾರ ಅಂದ್ಯಲ್ಲೋ? ಲಾಭಕ್ಕ ಅಷ್ಟೇ ಪಾಲೇನು?"

ಅವನು ಏನೋ ಹೇಳುತ್ತಿದ್ದ. ಅಮ್ಮಾರು ಎದ್ದು ಹೊರಗೆ ಹೋದರು. ಶೆಡ್ಡಿನ ಬಾಗಿಲಲ್ಲಿ ನಿಂತು ಚರಂಡಿಗೆ ಉಗುಳಿದರು. ಅವರು ಎಲೆ ಅಡಿಕೆ ಹಾಕುವವರಲ್ಲ. ಉಗುಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಹೇಸಿಗಿ" ಎಂದರು. "ಅವನೊಬ್ಬಂದೇ ಅಲ್ಲ. ನಂದೂ ಹೇಸಿಗಿ. ಸಹಿ ನಂದು."

ಮರುದಿನ ಬೆಳಿಗ್ಗೆ ಒಬ್ಬರೇ ಹಡಗಲಿ ಬಸ್ಸು ಹತ್ತಿದರು. ಜೊತೆಗೆ ಬರುತ್ತೇನೆಂದರೆ ಬೇಡವೆಂದರು, ವಕೀಲರನ್ನು ಕೇಳಿ ಹೋಗಿ ಎಂದು ಮೈದುನ ಬಾಗಿಲಿಗೆ ಅಡ್ಡ ನಿಂತದ್ದಕ್ಕೆ ಪಕ್ಕದಿಂದ ದಾಟಿಕೊಂಡು ಹೋದರು. ರಾತ್ರಿ ವಾಪಸು ಬಂದವರು ಆ ಹೆಣ್ಣುಮಗಳ ಮನೆಯಲ್ಲಿ ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಇಷ್ಟೇ: "ತಪ್ಪು ನಮ್ಮದು ಅಂತ ಬರದು ಕಳಸು. ಏನೇನು ಮಾಡ್ಬೇಕೋ ಎಲ್ಲಾ ಮಾಡೋಣ. ಆ ಕೋಟಿನವಂಗ ಹೇಳು, ಇವತ್ತಿಗೆ ಮುಗೀತು."

ಒಪ್ಪಂದ ಮುರಿದದ್ದಕ್ಕೆ ದಂಡ ಕಟ್ಟಬೇಕಾಯಿತು. ಮನೆಯೂ ಮುರಿಯಿತು. ಸಣ್ಣ ಸಾವ್ಕಾರ್ರು ಕೂಡ್ಲಿಗಿ ಮತ್ತು ಹಗರಿಬೊಮ್ಮನಹಳ್ಳಿ ಅಂಗಡಿಗಳನ್ನು ತೆಗೆದುಕೊಂಡು, ಬೇರೆ ರಾಜ್ಯದ ಯಂತ್ರ ತರಿಸಿ ಮಾರತೊಡಗಿದರು. ನೀಲಿ ಕೋಟಿನವನನ್ನೂ ಇಟ್ಟುಕೊಂಡರು. ಅವರ ಜಾತಿಯೇ ಒಂದಾಗಿತ್ತು, ನಾಚಿಕೆ ಇಲ್ಲದವರ ಜಾತಿ.

ಅಮ್ಮಾರು ಡಿಜಿಟಲ್ ಬೇಡ ಎಂದು ಕೂರಲಿಲ್ಲ. "ಹೊಟ್ಟಿ ನೋವು ಬಂತಂತ ಉಣ್ಣದು ಬಿಡ್ತಾರೇನು? ಕೆಟ್ಟದ್ದು ಉಂಡಿದ್ವಿ, ಅಷ್ಟ" ಎಂದರು. ಹೊಸ ಪಾಲುದಾರರನ್ನು ಈ ಸಲ ತಾವೇ ಆರಿಸಿದರು. ಹೋಟೆಲು ಇಲ್ಲ, ಪರದೆ ಇಲ್ಲ. ಬಂದವರಿಗೆಲ್ಲ ಒಂದೇ ಮಾತು: ಸುಗ್ಗಿಯಲ್ಲಿ ಬಂದು ಕೊಟ್ಟೂರು ಅಂಗಡಿಯಲ್ಲಿ ಕೂತು ಫೋನು ಎತ್ತಿ, ಆಮೇಲೆ ಮಾತು. ಒಂದು ಕಂಪನಿಯವರು ಅದು ತಮ್ಮ ಪದ್ಧತಿಯಲ್ಲ ಎಂದರು. ಇನ್ನೊಬ್ಬರು ತಮ್ಮ ಕೆಳಗಿನ ಹುಡುಗನನ್ನು ಕಳಿಸಿದರು, ಅವನು ಮಧ್ಯಾಹ್ನಕ್ಕೇ ತಲೆನೋವೆಂದು ಹೋದ. ದಾವಣಗೆರೆಯ ಗಂಡ ಹೆಂಡತಿ ಮತ್ತೆ ಬಂದು ಕೂತರು, ಬೈಗುಳ ತಿಂದರು, ರೈತರ ಜೊತೆ ಹೊಲಕ್ಕೆ ಹೋದರು. ಕೊನೆಗೆ ಅಮ್ಮಾರು ಕೇಳಿದರು: "ಕೈ ಹೋಗೋ ಅಂಥ ದೂರು ಯಾವುದು, ಬರೇ ಸದ್ದು ಯಾವುದು ಅಂತ ನಿಮ್ಮ ಮಷಿನ್‌ಗೆ ತಿಳಿತೈತೇನು?"

"ಇಲ್ರಿ ಅಮ್ಮಾರ. ಅದು ನಮ್ಮ ಕೈಲಿ ಆಗಲ್ಲ. ಅದಕ್ಕ ಮನುಷ್ಯರೇ ಬೇಕು. ಮನುಷ್ಯರು ಮಾತಾಡಿ ಮುಗಸೋತನಕ ದೂರು ಮುಚ್ಚದಂಗ ಮಾಡಬಹುದು, ಅಷ್ಟ" ಎಂದರು ಆ ಹೆಂಡತಿ.

"ಆಗಲ್ಲ ಅಂದ್ಯಲ್ಲವ್ವಾ, ಸಾಕು. ಶುರು ಮಾಡ್ರಿ."

ಈಗ ನಮ್ಮ ಅಂಗಡಿಗಳ ಸಾಮಾನು ಮೊಬೈಲಿನಲ್ಲಿ ಒಂದೇ ಕಡೆ ಕಾಣುತ್ತದೆ. ಫೋನು ಕಳೆಯುವುದಿಲ್ಲ. ಹಳದಿ ಚುಕ್ಕಿಗಳಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಮರುವರ್ಷ ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ವ್ಯಾಪಾರಸ್ಥರ ಸಭೆ, ಡಿಜಿಟಲ್ ವ್ಯಾಪಾರದ ಬಗ್ಗೆ. ಅಮ್ಮಾರ ಜೊತೆ ನಾನೂ ಹೋಗಿದ್ದೆ. ವೇದಿಕೆ ಹತ್ತಿದವನು ಅದೇ ನೀಲಿ ಕೋಟಿನವ. ಒಂದಷ್ಟು ಚಿತ್ರಗಳಾದ ಮೇಲೆ ಪರದೆಯ ತುಂಬ ಅಮ್ಮಾರ ಮುಖ ಬಂತು. ಹೊಸಪೇಟೆಯ ಹೋಟೆಲಿನಲ್ಲಿ ಅವರು ನಕ್ಷೆ ನೋಡುತ್ತಿದ್ದಾಗ ತೆಗೆದದ್ದು, ಕಣ್ಣು ಒದ್ದೆಯಾಗಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ, ಹಳ್ಳಿಯ ತಾಯಿಯ ಡಿಜಿಟಲ್ ಗೆಲುವು.

ಗಂಡನನ್ನು ನೆನೆದು ಒದ್ದೆಯಾದ ಕಣ್ಣು ಅದು. ಅದನ್ನು ಕದ್ದು ಸರಕು ಮಾಡಿ ಮಾರುತ್ತಿದ್ದರು. ಅಮ್ಮಾರು ಎರಡನೇ ಸಾಲಿನಲ್ಲಿ ಎದ್ದು ನಿಂತರು.

"ಇಳಸು ಆ ಫೋಟೋ."

ಅವನು ಬೆಚ್ಚಿದ. ಅವರು ಬಂದದ್ದು ಅವನಿಗೆ ಗೊತ್ತಿರಲಿಲ್ಲ. "ಅಮ್ಮಾ... ನಿಮ್ಮ ಮೇಲಿನ ಗೌರವದಿಂದಲೇ..."

"ಗೌರವ ಇದ್ರ ಕೈ ಕಳಕೊಂಡಾಕಿ ಫೋಟೋ ಹಾಕು. ಬ್ಯಾಡ, ಬ್ಯಾಡ, ಅದನ್ನೂ ಮಾರ್ತೀರಿ ನೀವು."

ಮಂಟಪದ ಜನರ ಕಡೆ ತಿರುಗಿ ನಡೆದದ್ದನ್ನೆಲ್ಲ ಹೇಳಿದರು, ತಮ್ಮ ಬೋಲ್ಟಿನ ದೋಷವನ್ನೂ, ತಮ್ಮ ಸಹಿಯನ್ನೂ ಬಿಡದೆ. ಪರದೆ ಬಿಳಿಯಾಯಿತು. ನಾನು ಸುತ್ತ ನೋಡಿದೆ. ದಿನಾ ಅಮ್ಮಾರಿಗೆ ಕೈಮುಗಿಯುವ ಮಂದಿ ಮೊಬೈಲಿನಲ್ಲಿ ತಲೆ ಹುದುಗಿಸಿದ್ದರು. ಮುಂದಿನ ಸಾಲಿನ ಒಬ್ಬ ಹಿರಿಯ ವ್ಯಾಪಾರಿ ಹೊಟ್ಟೆ ಸವರಿಕೊಳ್ಳುತ್ತ, "ಆತು ಬಿಡ್ರಿ ಅಮ್ಮಾರ, ಆಗಿದ್ದು ಆತು. ಊಟ ಆರತೈತಿ" ಎಂದ. ಯಾರೋ ನಕ್ಕರು. ಊಟದ ಮನೆಯ ಬಾಗಿಲಲ್ಲಿ ನೀಲಿ ಕೋಟಿನವನ ಮೇಜಿನ ಮುಂದೆ ಸಾಲು ಬೆಳೆದದ್ದನ್ನು ಹೊರಗೆ ಹೋಗುವಾಗ ಕಂಡೆ. ಸಾಲಿನ ಮೊದಲಲ್ಲಿ ಆ ಹಿರಿಯನೇ. ಆ ಸಾಲಿನ ವಾಸನೆ, ಹೋಳಿಗೆ ತುಪ್ಪದ ವಾಸನೆ, ಅತ್ತರಿನ ವಾಸನೆ ಕೂಡಿ ಇವತ್ತಿಗೂ ನನ್ನ ಮೂಗಿನಿಂದ ಹೋಗಿಲ್ಲ.

ನಾವು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ತಿಂದೆವು. "ಯಾರೂ ಕೇಳಲಿಲ್ಲರಿ ಅಮ್ಮಾರ" ಎಂದೆ. ಅಳು ಬರುತ್ತಿತ್ತು.

"ಕೇಳ್ಲಿ ಅಂತ ಹೇಳಿದ್ನೇನು? ನನ್ನ ಮುಖ ಅಲ್ಲಿತ್ತು, ಇಳಸಿ ಬಂದೆ. ಖಾರ ಆತೇನು ನಿನಗ? ನೀರು ಕುಡಿ."

ಅದಾದ ಮುಂದಿನ ಸುಗ್ಗಿ ಮುಗಿಯುವ ಹೊತ್ತಿಗೆ ಅಮ್ಮಾರು ಹೋದರು. ಶೆಡ್ಡಿನಲ್ಲಿ ಮಧ್ಯಾಹ್ನ ಎದೆ ನೋವೆಂದು ಕೂತವರು ಚಾಚಾ ಗಾಡಿ ತರುವಷ್ಟರಲ್ಲಿ ಮುಗಿದಿದ್ದರು. ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಮುಚ್ಚಿದ್ದರು. ಸಣ್ಣ ಸಾವ್ಕಾರ್ರು ದೊಡ್ಡ ಹಾರ ಹಿಡಿದು ಬಂದು ಗಟ್ಟಿಯಾಗಿ ಅತ್ತರು, ಅಳುತ್ತಲೇ ಯಾರು ಯಾರು ಬಂದಿದ್ದಾರೆ ನೋಡಿದರು. ನಾನು ಅಲ್ಲಿ ನಿಲ್ಲಲಾಗದೆ ಹಿತ್ತಲಿಗೆ ಹೋದೆ.

ಹಿತ್ತಲ ಕಟ್ಟೆಯ ಮೇಲೆ ಆ ಹೆಣ್ಣುಮಗಳು ಕೂತಿದ್ದಳು, ಮೈಲಾರದ ದಾರಿಯ ಹಳ್ಳಿಯವಳು. ಮೊಂಡುಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅವಳು ಆಗ ನಮ್ಮ ಹಡಗಲಿ ಅಂಗಡಿಯಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಳು. ಅಮ್ಮಾರು ಕೊಡುತ್ತೇನೆಂದ ಹೊಸ ಯಂತ್ರವನ್ನು ಗಂಡ ಬೇಕೆಂದರೂ ಅವಳು ಬೇಡವೆಂದಿದ್ದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ಬಂದು, ಫೋನಿನ ಕೆಲಸ ಕೊಡಿ ಎಂದು ಕೇಳಿದ್ದಳು. ಯಾರ ಫೋನು ಬಂದರೂ ಹೆಸರು ಕೇಳುವುದಕ್ಕೆ ಮೊದಲು "ಮಷಿನ್ ಬಂದ್ ಮಾಡ್ರಿ, ಆಮ್ಯಾಲೆ ಮಾತಾಡ್ರಿ" ಅನ್ನುತ್ತಿದ್ದಳು. ಅಮ್ಮಾರ ಜೊತೆ ಅವಳು ನಕ್ಕು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಕ್ಷಮಿಸಿದ್ದಾಳೆಂದೂ ಅನ್ನಿಸಿರಲಿಲ್ಲ. ಅವತ್ತೂ ಅವಳ ಕಣ್ಣು ಒಣಗಿತ್ತು.

ನಾನು ಪಕ್ಕದಲ್ಲಿ ಕೂತೆ. ಅವಳೇ ಮಾತು ಶುರುಮಾಡಿದಳು.

"ಅಮ್ಮಾರು ಮೊದಲ್ನೇ ಸಲ ನಮ್ಮನಿಗೆ ಬಂದಿದ್ದು ನಿಮಗ ಹೇಳ್ಯಾರೇನ್ರಿ ಅಕ್ಕಾ?"

"ಇಲ್ಲ. ಯಾರಿಗೂ ಹೇಳಿಲ್ಲ."

"ನಾ ಬರ್ರಿ ಅನ್ಲಿಲ್ಲ. ಕುಂದರ್ರಿ ಅನ್ಲಿಲ್ಲ. ಅವರ ಮೈಮ್ಯಾಲೆ ಉಗುಳಿದೆ. ನಮ್ಮತ್ತಿ ಹೆದರಿ ಬಟ್ಟಿ ತಂದು ಒರಸಾಕ ಬಂದ್ರ ಅಮ್ಮಾರು ಬ್ಯಾಡ ಅಂದ್ರು. ಹಂಗ ನೆಲಕ್ಕ ಕುಂತ್ರು. ಹೊತ್ತು ಇಳಿಯೋತನಕ ಕುಂತ್ರು. ತಪ್ಪಾತು ಅಂದ್ರು, ಅಷ್ಟ. ನಾನು ಒಂದು ಮಾತೂ ಆಡ್ಲಿಲ್ಲ." ಸೆರಗನ್ನು ಮೊಂಡುಗೈಗೆ ಬಿಗಿಮಾಡಿಕೊಂಡಳು. "ಎದ್ದು ಹೋಗಾಗ ಬಾಗಿಲ ಕಡೆ ತಿರುಗಿ ಏನಂದ್ರು ಗೊತ್ತೇನ್ರಿ? 'ನೀ ಉಗುಳಿದ್ದು ಸರಿ ಐತಿ ಯವ್ವಾ. ಯಾರೂ ಉಗುಳಿಲ್ಲಂದ್ರ ನಾವು ಸುಧಾರಸಂಗಿಲ್ಲ' ಅಂದ್ರು."

ಒಳಗೆ ಭಜನೆ ಶುರುವಾಯಿತು. ಅವಳು ಎದ್ದು, ಎಡಗೈಯಿಂದ ಸೀರೆಯ ಧೂಳು ಕೊಡವಿ, ಅಮ್ಮಾರನ್ನು ನೋಡಲು ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ.